ಕೈಗೆ ಕಾಣುವ ಗಾಡಿ

ಎಲ್ಲರಿಗೂ ನಮಸ್ಕಾರ.

ಮುಂದಿನ ಸಾಲಿನಲ್ಲಿರುವ ಅಕ್ಕ, ಅವರ ಪಕ್ಕದಲ್ಲಿ ಕುಳಿತಿರುವ ಮಗಳು, ನಮ್ಮ ವರ್ಕ್‌ಶಾಪಿನ ಯಜಮಾನರು, ಬೇರೆ ಬೇರೆ ಗ್ಯಾರೇಜುಗಳಿಂದ ಅರ್ಧ ಕೆಲಸ ಬಿಟ್ಟು ಬಂದಿರುವ ಮಿತ್ರರು — ಎಲ್ಲರಿಗೂ. ಕುರ್ಚಿ ಸಾಲದೆ ಹಿಂದೆ ಟೈರುಗಳ ಮೇಲೆ ಕುಳಿತವರಿಗೂ. ಬಟ್ಟೆಗೆ ಕಪ್ಪು ಹತ್ತಿದರೆ ಕ್ಷಮಿಸಿ. ಗಾಡಿಗಳನ್ನೆಲ್ಲ ಹೊರಗೆ ತಳ್ಳಿ, ನೆಲ ತೊಳೆದು, ಈ ಷೆಡ್ಡನ್ನು ಒಂದು ಸಭೆಗೆ ತಕ್ಕ ಹಾಗೆ ಮಾಡಲು ನೋಡಿದೆವು. ಎಣ್ಣೆಯ ವಾಸನೆ ಮಾತ್ರ ಹೋಗಲಿಲ್ಲ.

ನಾನು ಭಾಷಣ ಮಾಡುವವನಲ್ಲ. ತಗಡು ಬಡಿಯುವವನು. ಸುತ್ತಿಗೆಯ ಸದ್ದಿನಲ್ಲೇ ಬದುಕಿ ಕಿವಿ ಅರ್ಧ ಹೋಗಿದೆ, ಹಾಗಾಗಿ ಜೋರಾಗಿ ಮಾತಾಡುತ್ತೇನೆ. ಜಗಳಕ್ಕೆ ನಿಂತಿದ್ದಾನೆ ಎಂದು ಯಾರೂ ತಿಳಿಯಬಾರದು.

ನಮ್ಮನ್ನು ಅಗಲಿದ ಹಿರಿಯ ಸಹೋದ್ಯೋಗಿ, ಹೆಸರಾಂತ ವಾಹನ ವಿನ್ಯಾಸಕರು — ಹೀಗೆ ಶುರು ಮಾಡು ಎಂದು ಯಜಮಾನರು ಹೇಳಿಕೊಟ್ಟಿದ್ದರು. ಶುರು ಮಾಡಿದೆ. ಆದರೆ ವಿನ್ಯಾಸಕರೇ ಎಂದು ಯಾರಾದರೂ ಕರೆದಿದ್ದರೆ ಅವರು ತಿರುಗಿಯೂ ನೋಡುತ್ತಿರಲಿಲ್ಲ. ನಮಗೆಲ್ಲ ಅವರು ಗೆರೆಯಣ್ಣ. ಗೋಡೆ ಸಿಕ್ಕರೆ ಗೋಡೆಯ ಮೇಲೆ, ನೆಲ ಸಿಕ್ಕರೆ ನೆಲದ ಮೇಲೆ, ಚಹಾದ ಲೋಟ ಇಟ್ಟಲ್ಲಿ ಉಳಿದ ಒದ್ದೆಯಲ್ಲಿ ಬೆರಳಾಡಿಸಿ — ಗೆರೆ. ಒಂದು ಬಾನೆಟ್, ಒಂದು ಮಡ್‌ಗಾರ್ಡ್, ಒಂದು ಬಾಗು. ಹಾಗಾಗಿ ಗೆರೆಯಣ್ಣ. ಅವರು ನನ್ನನ್ನು 'ಸುತ್ತಿಗೆ' ಎಂದೇ ಕರೆಯುತ್ತಿದ್ದರು. ನನಗೊಂದು ಹೆಸರಿದೆ ಎಂಬುದು ಅವರಿಗೆ ನೆನಪಿತ್ತೋ ಇಲ್ಲವೋ!

ಮೊನ್ನೆ ಗೆರೆಯಣ್ಣನ ಹೆಂಡತಿ, ನಮ್ಮೆಲ್ಲರ ಅಕ್ಕ, ಅವರ ಹತ್ತಿರ ಹೋಗಿ ಕೇಳಿದೆ. "ಅಕ್ಕ, ಸಭೇಲಿ ನಾನು ಮಾತಾಡಬೇಕಂತೆ. ಯಾವುದು ಹೇಳಲಿ, ಯಾವುದು ಬಿಡಲಿ?"

ಅಕ್ಕ ಹೇಳಿದರು: "ಎಲ್ಲಾ ಹೇಳು. ಯಾರ ಮುಖ ಹೇಗಾಯ್ತು ಅಂತ ನೋಡಿ ಸಂಕಟಪಡೋದಕ್ಕೆ ನನಗೇನು ಕಣ್ಣಿದೆಯಾ?"

ಅಕ್ಕನ ಮಾತೇ ಹಾಗೆ. ನಗಬೇಕೋ ಅಳಬೇಕೋ ಗೊತ್ತಾಗುವುದಿಲ್ಲ. ಅಪ್ಪಣೆ ಸಿಕ್ಕಿದೆ, ಎಲ್ಲವನ್ನೂ ಹೇಳುತ್ತೇನೆ. ಒಳ್ಳೆಯದನ್ನಷ್ಟೇ ಆರಿಸಿ ಹೇಳಿದರೆ ಅದು ಬೇರೆ ಯಾರದೋ ಕತೆಯಾಗುತ್ತದೆ.

ಗೆರೆಯಣ್ಣನ ಕೆಲಸ ಏನು ಎಂದು ಗೊತ್ತಿಲ್ಲದವರೂ ಇಲ್ಲಿದ್ದೀರಿ. ಜನ ತಮ್ಮ ತಾತನ ಕಾಲದ ಗಾಡಿಗಳನ್ನು ಎಳೆದು ತರುತ್ತಾರೆ. ತುಕ್ಕು ತಿಂದಿರುತ್ತದೆ, ಕೋಳಿ ಮೊಟ್ಟೆಯಿಟ್ಟಿರುತ್ತದೆ. ಗೆರೆಯಣ್ಣ ಅದರ ಸುತ್ತ ನಿಧಾನಕ್ಕೆ ನಡೆಯುತ್ತಿದ್ದರು — ಹೀಗೆ, ಕೈ ಹಿಂದೆ ಕಟ್ಟಿಕೊಂಡು. ಆಮೇಲೆ ಅದಕ್ಕೊಂದು ಹೊಸ ರೂಪ ಬರೆಯುತ್ತಿದ್ದರು. ಛಾವಣಿ ಇಷ್ಟು ತಗ್ಗಬೇಕು, ಮೂಗು ಇಷ್ಟು ಚಾಚಬೇಕು, ಈ ಹಿಡಿಕೆ ಬೇಡ, ಈ ಪಟ್ಟಿ ಬೇಡ, ಈ ಬೆಸುಗೆ ಕಾಣಬಾರದು. ಅವರಿಗೆ ನುಣುಪಿನ ಹುಚ್ಚು. "ಸುತ್ತಿಗೆ, ಕಣ್ಣು ಮುಂದಿನ ದೀಪದ ಹತ್ತಿರ ಕಾಲಿಟ್ಟರೆ ಹಿಂಬಾಗಿಲವರೆಗೂ ಜಾರಿಕೊಂಡು ಹೋಗಬೇಕು. ನಡುವೆ ಎಲ್ಲೂ ಎಡವಬಾರದು" ಎನ್ನುವರು. ನಾನು ಬಡಿಯುತ್ತಿದ್ದೆ, ಉಜ್ಜುತ್ತಿದ್ದೆ, ಬಯ್ಯುತ್ತಿದ್ದೆ. ಅವರು ಬರೆದ ಗಾಡಿಗಳು ರಸ್ತೆಗಿಳಿದರೆ ಜನ ನಡೆಯುತ್ತಿದ್ದವರು ನಿಲ್ಲುತ್ತಿದ್ದರು. ಅದನ್ನು ನಾನು ಕಣ್ಣಾರೆ ಕಂಡಿದ್ದೇನೆ.

ಅಕ್ಕ ಸಿಕ್ಕಿದ್ದೂ ಇದೇ ಗೇಟಿನಲ್ಲಿ. ಹೊಸಬರಿಗಾಗಿ ಹೇಳುತ್ತೇನೆ — ಅಕ್ಕ ಡ್ರೈವರ್. ಅವರ ತಂದೆಯ ಹಳೇ ಪಿಕಪ್ ಗಾಡಿ, ದುಂಡು ಮೂಗಿನದು, ಎರಡು ದೀಪಗಳು ಗಾಬರಿಬಿದ್ದ ಕಣ್ಣುಗಳ ಹಾಗೆ. ಆ ಗಾಡಿಯಲ್ಲಿ ಅಕ್ಕ ಗಾಜು ಸಾಗಿಸುತ್ತಿದ್ದರು. ಕಿಟಕಿಯ ಗಾಜು, ನಿಲುವುಗನ್ನಡಿ, ಅಂಗಡಿಯ ದೊಡ್ಡ ದೊಡ್ಡ ಗಾಜು. ಒಂದೂ ಒಡೆದದ್ದಿಲ್ಲ. ಒಂದು ದಿನ ಗೆರೆಯಣ್ಣ ಒಂದು ಕಾರಿನ ಬಾಗು ನೋಡುತ್ತ ನೋಡುತ್ತ, ಕಬ್ಬಿಣದ ಸ್ಟ್ಯಾಂಡ್ ಒಂದನ್ನು ಕೈಯಲ್ಲಿ ಹಿಡಿದು, ಹಿಂದಕ್ಕೆ ಹೆಜ್ಜೆ ಹಾಕುತ್ತ ಗೇಟು ದಾಟಿ ರಸ್ತೆಗೇ ಇಳಿದುಬಿಟ್ಟರು. ಅಕ್ಕ ಗಾಡಿ ತಿರುಗಿಸುತ್ತಿದ್ದರು. ಸ್ಟ್ಯಾಂಡಿನ ಕಾಲು ಡೋರಿಗೆ — ಧಡ್!

ಅಕ್ಕ ಇಳಿದರು. "ಹಿಂದಕ್ಕೆ ನಡೆಯೋರು ಬೆನ್ನಲ್ಲೊಂದು ಕಣ್ಣಿಟ್ಕೊಂಡು ಬರಬೇಕು ಸ್ವಾಮಿ."

ಗೆರೆಯಣ್ಣ ಅವರ ಮುಖ ನೋಡಲಿಲ್ಲ, ಗಾಡಿಯ ಮುಖ ನೋಡಿದರು. "ಇದರ ಮಡ್‌ಗಾರ್ಡ್ ಎಷ್ಟು ಚೆನ್ನಾಗಿದೆ!" ಎಂದರು.

"ಡೋರೂ ಚೆನ್ನಾಗಿತ್ತು, ಈಗಷ್ಟೇ" ಎಂದರು ಅಕ್ಕ.

ಹಿಡಿಕೆಯ ಕೆಳಗೆ ಅಂಗೈಯ ಗುಳಿಯಷ್ಟು ನೆಗ್ಗು ಬಿದ್ದಿತ್ತು. ಅದನ್ನು ತೆಗೆದುಕೊಟ್ಟವನು ನಾನು. ಅವರ ಮದುವೆಯಾದದ್ದು ಆ ನೆಗ್ಗಿನಿಂದ. ಗೆರೆಯಣ್ಣ ಕೊನೆಯವರೆಗೂ ಅಕ್ಕನನ್ನು ಕರೆದದ್ದು 'ಡ್ರೈವರಮ್ಮ' ಎಂದೇ.

ಮದುವೆಯಾದ ಮೇಲೂ ಅಕ್ಕ ಗಾಡಿ ಓಡಿಸಿದರು. ಮಗಳು ಹುಟ್ಟಿ, ದೊಡ್ಡವಳಾಗಿ, ಔಷಧಿ ಅಂಗಡಿಯಲ್ಲಿ ಕೆಲಸಕ್ಕೆ ಸೇರುವವರೆಗೂ ಓಡಿಸಿದರು. ಊರಿನ ಗಾಡಿಗಳನ್ನೆಲ್ಲ ಬದಲಾಯಿಸಿದ ಗೆರೆಯಣ್ಣ ಆ ಒಂದು ಪಿಕಪ್ಪಿಗೆ ಪೆನ್ಸಿಲ್ ಮುಟ್ಟಿಸಲಿಲ್ಲ. ಕೇಳಿದರೆ, "ಅದು ನನ್ನ ಮಾವನ ಮನೆ ಆಸ್ತಿ ಕಣೋ, ಕೈ ಹಾಕಿದರೆ ಬೈಗುಳ ಬೀಳುತ್ತೆ" ಎನ್ನುತ್ತಿದ್ದರು.

ಅಕ್ಕನಿಗೆ ಸಕ್ಕರೆ ಕಾಯಿಲೆ ಬಂತು. ಅದು ಕಣ್ಣಿನ ಒಳಪರದೆಯನ್ನು ತಿನ್ನತೊಡಗಿತು. ಒಂದು ಮಧ್ಯಾಹ್ನ ಅಕ್ಕ ವರ್ಕ್‌ಶಾಪಿಗೆ ಬಂದು ಗಾಡಿಯ ಕೀಯನ್ನು ಗೆರೆಯಣ್ಣನ ಬರೆಯುವ ಮೇಜಿನ ಮೇಲಿಟ್ಟರು. "ಇವತ್ತು ಸಿಗ್ನಲ್ ಕಂಬ ಎರಡು ಕಾಣ್ತು ರೀ. ಯಾವುದನ್ನ ನಂಬೋದು ಅಂತ ಗೊತ್ತಾಗಲಿಲ್ಲ. ಸಾಕು." ಅಷ್ಟೇ. ಇಷ್ಟು ವರ್ಷ ದುಡಿದ ಕೆಲಸಕ್ಕೆ ಅಷ್ಟೇ ವಿದಾಯ. ಚಿಕಿತ್ಸೆ ಮಾಡಿಸಿದರು, ಕಣ್ಣಿಗೆ ಸೂಜಿ ಹಾಕಿಸಿದರು, ಲೇಸರ್ ಬೆಳಕಿನ ಯಂತ್ರದ ಮುಂದೆ ಕೂರಿಸಿದರು. ಕಾಣುವುದು ಮಬ್ಬಾಯಿತು, ಮಬ್ಬು ಕತ್ತಲಾಯಿತು.

ಪಿಕಪ್ ಹಿಂದಿನ ಅಂಗಳದಲ್ಲಿ ನಿಂತಿತು. ಒಂದು ದಿನ ಅಕ್ಕ ಮಗಳ ತೋಳು ಹಿಡಿದು ಬಂದರು. ಗಾಡಿಯ ಮೈಮೇಲೆ ಕೈಯಾಡಿಸಿದರು. ಬಾನೆಟ್ ಸವರಿದರು, ಡೋರು ತಡವಿದರು. ಆಮೇಲೆ ಹೇಳಿದರು: "ರೀ, ಇದರ ಮುಖ ನನಗೆ ಮರೆತು ಹೋಗ್ತಾ ಇದೆ. ನಿಮ್ಮದೂ ಹೋಗ್ತಾ ಇದೆ. ನಿಮ್ಮದನ್ನಾದರೂ ಮುಟ್ಟಿದರೆ ಮೂಗು ಸಿಗುತ್ತೆ. ಇದು ಎಲ್ಲಾ ಕಡೆ ಒಂದೇ ತಣ್ಣಗಿನ ತಗಡು."

 ಮಾರನೆಯ ದಿನ ಗೆರೆಯಣ್ಣ ಯಜಮಾನರ ಹತ್ತಿರ ಹೋಗಿ ಹಿಂದಿನ ಷೆಡ್ಡು ಕೇಳಿದರು. ಕೈಗೆ ಕಾಣುವ ಹಾಗೆ ಆ ಗಾಡಿಯನ್ನು ಹೊಸದಾಗಿ ಬರೆಯುತ್ತೇನೆ ಎಂದರು.

ಕಣ್ಣಿಗಾಗಿ ಬರೆದವರು ಅವರು. ಜೀವಮಾನವಿಡೀ ಕಣ್ಣಿಗಾಗಿ. ಮೊದಲು ಜೇಡಿಮಣ್ಣಿನಲ್ಲಿ ಮೊಳದುದ್ದದ ಮಾದರಿ ಮಾಡಿದರು. ಅಂದವೋ ಅಂದ! ಅಕ್ಕ ಅದನ್ನು ಎರಡೂ ಕೈಯಲ್ಲಿ ಹಿಡಿದು, ಹಿಂದೆ ಮುಂದೆ ಸವರಿ, "ಇದೇನ್ರೀ, ಸ್ನಾನಕ್ಕೆ ಕೊಟ್ಟಿದ್ದೀರಾ? ಸೋಪು ಇದ್ದ ಹಾಗಿದೆ" ಎಂದರು. ನಾನು ನಕ್ಕು ನಕ್ಕು ಬೆಂಚಿನಿಂದ ಬೀಳುವ ಹಾಗಾಯಿತು. ಗೆರೆಯಣ್ಣನಿಗೆ ಮಾತ್ರ ನಗು ಬರಲಿಲ್ಲ. ಅವರ ಹೆಮ್ಮೆಯ ನುಣುಪು ಇತ್ತಲ್ಲ — ಅದು ಕೈಯ ಪಾಲಿಗೆ ಕತ್ತಲು. ಕೈಗೆ ಎಡವುವುದಕ್ಕೆ ಏನಾದರೂ ಬೇಕು. ಎಡವಿದರೆ ತಾನೇ ಎಲ್ಲಿದ್ದೇನೆ ಎಂದು ತಿಳಿಯುವುದು!

ಅವತ್ತಿನಿಂದ ಅವರು ಕಣ್ಣಿಗೆ ಬಟ್ಟೆ ಕಟ್ಟಿಕೊಂಡು ಕೆಲಸಕ್ಕೆ ಕೂತರು. ಊಟದ ಡಬ್ಬಿಯನ್ನೂ ಹಾಗೆಯೇ ಬಿಚ್ಚುವರು. ಒಮ್ಮೆ ನನ್ನ ಡಬ್ಬಿಯನ್ನೇ ಬಿಚ್ಚಿ ಉಂಡು ಮುಗಿಸಿ, "ಇವತ್ತು ಡ್ರೈವರಮ್ಮ ಉಪ್ಪು ಜಾಸ್ತಿ ಹಾಕಿದ್ದಾಳೆ" ಎಂದರು. ನನ್ನ ಹೆಂಡತಿ ಇಲ್ಲೇ ಕೂತಿದ್ದಾಳೆ, ಇರಲಿ.

ಹಾಗೆ ಕುರುಡು ಕೈಯಲ್ಲಿ ತಡವಿ ತಡವಿ ಅವರು ಒಂದು ಗೆರೆ ಕಂಡುಕೊಂಡರು. ಮುಂದಿನ ದೀಪದ ಅಂಚಿನಲ್ಲಿ ಹುಟ್ಟುತ್ತದೆ — ತಗಡಿನಿಂದ ಮೇಲೆದ್ದ, ಕೂದಲೆಳೆಯಷ್ಟು ಸಣ್ಣ ಏಣು. ಮಡ್‌ಗಾರ್ಡ್ ಮೇಲೆ ಹತ್ತುತ್ತ ದಪ್ಪವಾಗುತ್ತದೆ. ಡೋರಿನ ಹತ್ತಿರ ಬೆರಳಿನಷ್ಟಾಗಿ, ಹಿಡಿಕೆ ಬರುವುದಕ್ಕೆ ಮುಂಚೆ ಮೆಲ್ಲಗೆ ಕೆಳಗೆ ಬಾಗುತ್ತದೆ. ಯಾರೋ ಕೈ ಹಿಡಿದು 'ಇಲ್ಲಿ ಹಿಡಿಕೆ' ಎಂದು ತೋರಿಸಿದ ಹಾಗೆ. ಅಲ್ಲಿಂದ ಮತ್ತೆ ಏರಿ, ಸಾಮಾನು ಹೇರುವ ಹಿಂದಿನ ತೊಟ್ಟಿಯ ಉದ್ದಕ್ಕೂ ಸಾಗಿ, ಹಿಂಬಾಗಿಲಲ್ಲಿ ಎರಡಾಗಿ ಒಡೆದು ಮುಗಿಯುತ್ತದೆ. ಬಾನೆಟ್ಟಿಗೆ ಬೇರೆ ಗೆರೆ, ಛಾವಣಿಗೆ ಬೇರೆ. ಬೆರಳಿಟ್ಟರೆ ಗಾಡಿಯ ಯಾವ ಜಾಗ ಎಂದು ತಿಳಿಯಬೇಕು.

ಬಣ್ಣದ ಮಾವ ಅಗೋ, ಅಲ್ಲಿ ಕೂತಿದ್ದಾರೆ. ಅವರಿಗೆ ಸಿಟ್ಟು ಬಂದಿತ್ತು. "ಕಾಣದವರಿಗೆ ಬಣ್ಣ ಯಾಕಯ್ಯಾ? ನನ್ನನ್ನ ಯಾಕೆ ಕರೆದೆ?" ಎಂದರು. ಗೆರೆಯಣ್ಣ ಹೇಳಿದರು: "ಮಾವ, ಮೇಲೆ ಗಾಜಿನ ಹಾಗೆ ನುಣ್ಣಗೆ, ಗೆರೆಯ ಕೆಳಗೆ ಬೆಕ್ಕಿನ ನಾಲಿಗೆ ಥರ ತರಿತರಿ. ಆಗುತ್ತಾ?" ಮಾವ "ಬೆಕ್ಕಿನ ನಾಲಿಗೆ ಮುಟ್ಟಿದವರು ಯಾರು?" ಎಂದು ಗೊಣಗಿ, ಮಾರನೆಯ ದಿನ ತಗಡಿನ ಚೂರುಗಳ ಮೇಲೆ ಹತ್ತು ಥರದ ತರಿ ಮಾಡಿ ತಂದರು.

ಆಗ ಅಕ್ಕ ಮಧ್ಯಾಹ್ನ ಮಧ್ಯಾಹ್ನ ಬರುತ್ತಿದ್ದರು. ನಾನು ಬಡಿದ ತುಂಡುಗಳನ್ನು ಅವರ ಮುಂದೆ ಇಡುತ್ತಿದ್ದೆವು. ಅಕ್ಕನ ಬೆರಳುಗಳು ಆಗ — ಏನು ಹೇಳಲಿ! ಗಾಜು ಹಿಡಿದು ಪಳಗಿದ ಬೆರಳುಗಳು. "ಇಲ್ಲಿ ಗೆರೆ ತೊದಲ್ತಾ ಇದೆ" ಎನ್ನುವರು. ಹೋಗಿ ನೋಡಿದರೆ ನಿಜ, ನನ್ನ ಸುತ್ತಿಗೆ ಅಲ್ಲಿ ಒಂದು ಏಟು ಹೆಚ್ಚು ಬಿದ್ದಿರುತ್ತಿತ್ತು. "ಇದು ಚೆನ್ನಾಗಿದೆ, ಇದು ಬೇಡ, ಇದು ಯಾರೋ ಕೆನ್ನೆ ಊದಿಸಿಕೊಂಡ ಹಾಗಿದೆ" — ಗೆರೆಯಣ್ಣ ಎದುರಿಗೆ ಸ್ಟೂಲಿನ ಮೇಲೆ ಕೂತು, ಪರೀಕ್ಷೆಯ ಫಲಿತಾಂಶ ಕೇಳುವವರ ಹಾಗೆ ಕೇಳುತ್ತಿದ್ದರು. ಮಿತ್ರರೇ, ಆ ಷೆಡ್ಡಿನಲ್ಲಿ ಅವರಿಬ್ಬರಿಗೂ ಸುಖವಿತ್ತು. ಈ ಮಾತು ನಾನು ಗಟ್ಟಿಯಾಗಿ ಹೇಳಬೇಕು, ಯಾಕೆಂದರೆ ಇದರ ಮುಂದೆ ಸುಖದ ಮಾತಿಲ್ಲ.

ತುಂಡುಗಳು ಒಪ್ಪಿಗೆಯಾದ ಮೇಲೆ ಗೆರೆಯಣ್ಣ ಹೇಳಿದರು: "ಡ್ರೈವರಮ್ಮ, ಇನ್ನು ನೀನು ಬರಬೇಡ. ಇಡೀ ಗಾಡಿ ಮುಗಿದ ಮೇಲೆ ಬಾ. ಒಂದೇ ಸಲಕ್ಕೆ ಪೂರ್ತಿ ನೋಡುವೆಯಂತೆ."

ಅಕ್ಕ ಒಪ್ಪಿದರು. ಒಳ್ಳೆಯ ಮನಸ್ಸಿನಿಂದ ಹೇಳಿದ ಮಾತು, ಒಳ್ಳೆಯ ಮನಸ್ಸಿನಿಂದ ಒಪ್ಪಿದ ಮಾತು. ಅದೇ ನಮ್ಮನ್ನು ಮುಳುಗಿಸಿತು.

ನಮ್ಮ ಲೆಕ್ಕದಲ್ಲಿ ಅದು ಒಂದು ಋತುವಿನ ಕೆಲಸ. ಗೆರೆಯಣ್ಣ ಬಿಡಲಿಲ್ಲ. ಡೋರು ಮುಗಿಯಿತು ಎನ್ನುವಾಗ ಬಟ್ಟೆ ಕಟ್ಟಿಕೊಂಡು ಬಂದು ಸವರಿ, "ಸುತ್ತಿಗೆ, ಇಲ್ಲಿ ಅವಳ ಕೈ ತಡವರಿಸುತ್ತೆ. ತೆಗಿ" ಎನ್ನುವರು. ಕತ್ತರಿಸಿ ತೆಗೆದು ಹೊಸ ತಗಡು ಹಾಕುತ್ತಿದ್ದೆ. ತೊಟ್ಟಿಯ ಗೆರೆಯನ್ನು ಎಷ್ಟು ಸಲ ಬಿಚ್ಚಿ ಕಟ್ಟಿದೆವೋ ದೇವರಿಗೇ ಗೊತ್ತು. "ಸಾಕು ಗೆರೆಯಣ್ಣ, ಇದಕ್ಕಿಂತ ಚೆನ್ನಾಗಿ ಆಗೋದಿಲ್ಲ" ಎಂದರೆ, "ನಿನ್ನ ಕೈಗೆ ಸಾಕು. ಅವಳ ಕೈಗೆ ಸಾಲದು" ಎನ್ನುವರು. ಆ ಕೈಯ ಮೇಲೆ ಅವರಿಗೆ ಅಷ್ಟು ನಂಬಿಕೆ.

ಒಂದು ದಿನ ನನ್ನನ್ನು ಕರೆದು, ಡೋರಿನ ಹಿಡಿಕೆಯ ಕೆಳಗೆ ಬೆರಳಿಟ್ಟು, "ಇಲ್ಲೊಂದು ನೆಗ್ಗು ಹಾಕು" ಎಂದರು.

ನೋಡಿ, ನಾನು ಹುಟ್ಟಿದಾಗಿನಿಂದ ನೆಗ್ಗು ತೆಗೆದವನು. ನೆಗ್ಗು ಹಾಕು ಎಂದು ಹೇಳಿಸಿಕೊಂಡದ್ದು ಅದೇ ಮೊದಲು. "ತಲೆ ಸರಿ ಇದೆಯಾ?" ಎಂದೆ. ಅವರು ಹುಡುಗನ ಹಾಗೆ ನಕ್ಕರು. "ಅವತ್ತು ಸ್ಟ್ಯಾಂಡ್ ಬಡಿದದ್ದು ಇಲ್ಲೇ. ಅವಳ ಬೆರಳು ಇಲ್ಲಿಗೆ ಬಂದಾಗ ಬೀಳಬೇಕು. ಬಿದ್ದು ಬಯ್ಯಬೇಕು. ಹೇಳಬೇಡ, ತಾನೇ ಹುಡುಕಲಿ." ಹಾಕಿದೆ. ಅಂಗೈಯ ಗುಳಿಯಷ್ಟು. ಇಡೀ ಗಾಡಿಯಲ್ಲಿ ನನಗೆ ಅತಿ ಕಷ್ಟವಾದ ಕೆಲಸ ಅದು.

ಆ ಹೊತ್ತಿಗೆ ಮನೆಯಲ್ಲಿ ಏನಾಗುತ್ತಿತ್ತು? ಇದನ್ನು ನನಗೆ ಆಮೇಲೆ ಹೇಳಿದ್ದು ಮಗಳು. ಅಕ್ಕನ ಕೈಯಿಂದ ಲೋಟ ಜಾರತೊಡಗಿತು. ಅಂಗಿಯ ಗುಂಡಿ ಸಿಗುತ್ತಿರಲಿಲ್ಲ. ಒಂದು ಬೆಳಗ್ಗೆ ಮಗಳು ನೋಡುತ್ತಾಳೆ — ಅಮ್ಮನ ಬೆರಳ ತುದಿಯಲ್ಲಿ ಬೊಬ್ಬೆ. ಬಿಸಿ ಪಾತ್ರೆ ಹಿಡಿದಿದ್ದಾರೆ, ಸುಟ್ಟದ್ದು ಅವರಿಗೆ ಗೊತ್ತೇ ಆಗಿಲ್ಲ. ಕಾಲು ಮರಗಟ್ಟಿದ್ದು ಮೊದಲಿಂದ ಇತ್ತು, ಈಗ ಕೈಗೆ ಹತ್ತಿತ್ತು. ಕಣ್ಣು ತಿಂದದ್ದೇ ನರವನ್ನೂ ತಿನ್ನುತ್ತಿತ್ತು. ಮಗಳು ಔಷಧಿ ಅಂಗಡಿಯಲ್ಲಿ ಇರುವವಳು, ಅವಳಿಗೆ ನೋಡಿದ ಕೂಡಲೇ ತಿಳಿಯಿತು. "ಅಪ್ಪನಿಗೆ ಹೇಳ್ತೀನಿ" ಎಂದಳು.

ಅಕ್ಕ ಬಿಡಲಿಲ್ಲ. "ಬೇಡ. ಆ ಮನುಷ್ಯ ಬೆಳಗ್ಗೆ ಎದ್ದು ಹಾಡಿಕೊಂಡು ಹೋಗ್ತಾ ಇದ್ದಾರೆ. ಎಷ್ಟು ವರ್ಷ ಆಯ್ತು ಅವರು ಹಾಡಿ! ಹೇಳಬೇಡ." ಔಷಧಿ ನುಂಗಿದರು, ಯಾರೋ ಹೇಳಿದ ಎಣ್ಣೆ ತಿಕ್ಕಿದರು, ಬಿಸಿನೀರು ತಣ್ಣೀರು ಎಂದು ಕೈ ಅದ್ದಿ ನೋಡಿದರು. ಬೆರಳುಗಳು ಒಂದೊಂದಾಗಿ ಹೋದವು.

ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಎನ್ನುತ್ತೇವಲ್ಲ — ನಮ್ಮ ವಿಷಯದಲ್ಲಿ ತುತ್ತು ಕೈಗೇ ಬರಲಿಲ್ಲ. ಕಣ್ಣು ಕೈಕೊಟ್ಟಿತು ಎಂದು ಕೈಯನ್ನು ನಂಬಿದೆವು. ಆ ಕೈಯೂ ಕೈಕೊಟ್ಟಿತು.

ಗಾಡಿ ಮುಗಿದ ದಿನ. ಬೆಳಗಿನ ಬಿಸಿಲು ಈ ಬಾಗಿಲಿಂದ ಅರ್ಧ ನೆಲದವರೆಗೆ ಬಿದ್ದಿತ್ತು. ಗಾಡಿಯನ್ನು ಇಲ್ಲಿ, ನಾನು ನಿಂತ ಜಾಗದಲ್ಲೇ ನಿಲ್ಲಿಸಿದ್ದೆವು. ಗೆರೆಯಣ್ಣ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಬಂದಿದ್ದರು. ಅಕ್ಕನ ಕೈ ಹಿಡಿದು ಮುಂದಿನ ದೀಪದ ಅಂಚಿನ ಮೇಲೆ ಇಟ್ಟು, "ಇಲ್ಲಿಂದ ಶುರು. ಇನ್ನು ನೀನೇ ಹೋಗು" ಎಂದು ಪಕ್ಕಕ್ಕೆ ಸರಿದರು.

ಅಕ್ಕ ಹೊರಟರು. ಹೀಗೆ — ಅಂಗೈ ಪೂರ್ತಿ ಒತ್ತಿ, ನಿಧಾನವಾಗಿ. ಮಡ್‌ಗಾರ್ಡ್ ದಾಟಿದರು. ಮುಖದಲ್ಲಿ ನಗು ಇತ್ತು. ಗೆರೆ ಮೇಲಕ್ಕೆ ಹತ್ತಿತು. ಕೈ ಹತ್ತಲಿಲ್ಲ, ನೇರ ಹೋಯಿತು. ಡೋರಿಗೆ ಬಂದರು. ಗೆರೆ ಬಾಗಿತು. ಕೈ ಬಾಗಲಿಲ್ಲ. ಬಾಗದ ಆ ಕೈ ಹಿಡಿಕೆಯ ಕೆಳಗೆ ಹೋಯಿತು, ಆ ನೆಗ್ಗಿನ ಮೇಲೆ ಹೋಯಿತು — ನೇರ ಆ ಗುಳಿಯ ಮೇಲೆ — ನಿಲ್ಲಲಿಲ್ಲ. ಮುಂದಕ್ಕೆ ಹೋಯಿತು. ಅಕ್ಕ ಹಿಂಬಾಗಿಲವರೆಗೂ ಹೋಗಿ, ತಿರುಗಿ, ಗೆರೆಯಣ್ಣ ಇಲ್ಲದ ದಿಕ್ಕಿಗೆ ಮುಖ ಮಾಡಿ ಹೇಳಿದರು:

"ಚೆನ್ನಾಗಿದೆ ಕಣ್ರೀ. ತುಂಬಾ ಚೆನ್ನಾಗಿದೆ."

ಬಣ್ಣದ ಮಾವ ಚಪ್ಪಾಳೆ ತಟ್ಟಿದರು. ಎಲ್ಲರೂ ತಟ್ಟಿದರು. ನಾನು ಗೆರೆಯಣ್ಣನ ಮುಖ ನೋಡಿದೆ. ಅವರೂ ತಟ್ಟುತ್ತಿದ್ದರು. "ಹೌದಾ? ಇಷ್ಟ ಆಯ್ತಾ?" ಎಂದು ಕೇಳುತ್ತಿದ್ದರು. ದನಿ ಮಾಮೂಲಿಯಾಗಿತ್ತು. ಮುಖ ಮಾತ್ರ — ಆ ಮುಖದ ಬಗ್ಗೆ ನಾನು ಹೇಳಲಾರೆ.

ಮರುದಿನ ಷೆಡ್ಡಿನಲ್ಲಿ ನಾವಿಬ್ಬರೇ ಇದ್ದೆವು. ಅವರೇ ಮಾತು ತೆಗೆದರು. "ಸುತ್ತಿಗೆ, ಅವಳ ಬೆರಳು ನೆಗ್ಗಿನ ಮೇಲೆ ಹೋಯ್ತು. ನೋಡಿದೆಯಾ?"

"ನೋಡಿದೆ."

"ಮೊದಲೇ ತೋರಿಸಬಹುದಿತ್ತು. ಮೊದಲಿನ ಡೋರೇ ಚೆನ್ನಾಗಿತ್ತು, ಅಲ್ವಾ? ಅದು ಅವಳಿಗೆ ಸಿಗ್ತಿತ್ತು."

ಅವರು ಹೇಳಿದ್ದು ನಿಜ. ಮೊದಲಿನ ಡೋರು ಚೆನ್ನಾಗಿಯೇ ಇತ್ತು. "ಅವಳಿಗೆ ಹೇಳಬೇಡ. ನನಗೆ ಗೊತ್ತಾಯ್ತು ಅಂತ ಗೊತ್ತಾದರೆ ಅವಳು ತಡಕೊಳ್ಳೋದಿಲ್ಲ" ಎಂದರು.

ಹೀಗೆ ಆ ಮನೆಯಲ್ಲಿ ಇಬ್ಬರು ಬಾಳಿದರು. ಅಕ್ಕನಿಗೆ ಬೆರಳು ಹೋದದ್ದು ಗೊತ್ತು, ಗಂಡನಿಗೆ ತಿಳಿದದ್ದು ಗೊತ್ತಿಲ್ಲ. ಗೆರೆಯಣ್ಣನಿಗೆ ಎಲ್ಲ ಗೊತ್ತು, ಬಾಯಿ ಬಿಡುವ ಹಾಗಿಲ್ಲ. ಸಂಜೆ ಕೆಲಸ ಮುಗಿದ ಮೇಲೆ ಅಕ್ಕನನ್ನು ಆ ಗಾಡಿಯಲ್ಲಿ ಕೂರಿಸಿಕೊಂಡು ಒಂದು ಸುತ್ತು ಹೋಗಿಬರುತ್ತಿದ್ದರು. ಹತ್ತುವಾಗ ಅಕ್ಕ ಡೋರನ್ನು ಸವರಿ "ಎಷ್ಟು ಚೆನ್ನಾಗಿದೆ" ಎನ್ನುವರು. ಗೆರೆಯಣ್ಣ "ಹೂಂ" ಎನ್ನುವರು. ಪ್ರತಿ ಸಂಜೆ. ಬಣ್ಣದ ಮಾವ ಒಮ್ಮೆ ಸಮಾಧಾನ ಮಾಡಲು ನೋಡಿದರು: "ಎಂಜಿನ್ ಸದ್ದಾದರೂ ಕೇಳುತ್ತಲ್ಲಯ್ಯಾ ಅವಳಿಗೆ." ಗೆರೆಯಣ್ಣ ಹೇಳಿದರು: "ಎಂಜಿನ್ ನಾನು ಮಾಡಿದ್ದಲ್ಲ ಮಾವ."

ಅವರು ಗೆರೆ ಎಳೆಯುವುದನ್ನು ಬಿಟ್ಟರು. ಬರುತ್ತಿದ್ದರು, ಮೇಜಿನ ಮುಂದೆ ಕೂರುತ್ತಿದ್ದರು. ಒಬ್ಬ ಗಿರಾಕಿ ಎಲ್ಲಿಂದಲೋ ಹಳೆಯ ಪಿಕಪ್ ಹೇರಿಕೊಂಡು ಬಂದ, ಇವರ ಹೆಸರು ಕೇಳಿಕೊಂಡೇ ಬಂದವನು. ಗೆರೆಯಣ್ಣ ಅದರ ಸುತ್ತ ಒಂದು ಸಲ ನಡೆದು, "ಹೇಗಿದೆಯೋ ಹಾಗೇ ಇರಲಿ ಬಿಡಿ" ಎಂದು ಒಳಗೆ ಹೋದರು. ಆತ ನನ್ನ ಮುಖ ನೋಡಿದ. ನಾನು ಸುತ್ತಿಗೆ ನೋಡಿದೆ.

ಯಜಮಾನರು ರಜೆ ತೆಗೆದುಕೊಳ್ಳಿ ಎಂದರು. ಮಗಳು ಡಾಕ್ಟರ ಹತ್ತಿರ ಕರೆದುಕೊಂಡು ಹೋದಳು. ಎದೆಯಲ್ಲಿ ತೊಂದರೆಯಿದೆ, ಚಿಂತೆ ಮಾಡಬಾರದು ಎಂದು ಅವರು ಹೇಳಿ ಕಳಿಸಿದರು. ಚಿಂತೆ ಮಾಡಬಾರದಂತೆ!

ಹೋದ ವಾರ ಒಂದು ಮಧ್ಯಾಹ್ನ ಊಟಕ್ಕೆ ಕರೆಯಲು ಹಿಂದಿನ ಷೆಡ್ಡಿಗೆ ಹೋದೆ. ಗೆರೆಯಣ್ಣ ಪಿಕಪ್ಪಿನೊಳಗೆ, ಅಕ್ಕ ಕೂರುತ್ತಿದ್ದ ಕಡೆ ಕೂತಿದ್ದರು. ಕಿಟಕಿಯ ಗಾಜು ಇಳಿದಿತ್ತು. ಎಡಗೈ ಹೊರಗೆ ಚಾಚಿ ಡೋರಿನ ಮೇಲೆ ಇಳಿಬಿದ್ದಿತ್ತು. ಕರೆದೆ. ಮತ್ತೆ ಕರೆದೆ. ನನ್ನ ದನಿ ನಿಮಗೆ ಗೊತ್ತಲ್ಲ — ಅದಕ್ಕೂ ಏಳಲಿಲ್ಲ.

ಆಸ್ಪತ್ರೆಯಲ್ಲಿ ಯಾರೋ ಹೇಳಿದರು, ತಾನು ಮಾಡಿದ ಗಾಡಿಯಲ್ಲೇ ಪ್ರಾಣ ಬಿಟ್ಟರು, ನೆಮ್ಮದಿಯ ಸಾವು ಎಂದು. ಅವರು ಒಳ್ಳೆಯ ಮನಸ್ಸಿನಿಂದಲೇ ಹೇಳಿರಬೇಕು. ಮುಖ ನೋಡಿದವನು ನಾನು. ನೆಮ್ಮದಿ ಇರಲಿಲ್ಲ. ನೆಮ್ಮದಿ ಇತ್ತು ಎಂದು ಈ ಸಭೆಯಲ್ಲಿ ಹೇಳಿದರೆ ಅವರಿಗೆ ಅವಮಾನ ಮಾಡಿದ ಹಾಗೆ.

ಎಲ್ಲ ಮುಗಿದ ಮೇಲೆ ಮನೆಯಲ್ಲಿ ಅಕ್ಕ ನನ್ನನ್ನು ಹತ್ತಿರ ಕರೆದರು. "ಸುತ್ತಿಗೆ, ಒಂದೇ ಮಾತು ಕೇಳ್ತೀನಿ. ಅವರಿಗೆ ಗೊತ್ತಿತ್ತಾ?"

ಇನ್ನು ಮುಚ್ಚಿ ಯಾರನ್ನು ಕಾಪಾಡುವುದು? "ಗೊತ್ತಿತ್ತು ಅಕ್ಕ. ಆವತ್ತೇ ಗೊತ್ತಾಯ್ತು" ಎಂದೆ. ನೆಗ್ಗಿನ ವಿಷಯವನ್ನೂ ಹೇಳಿದೆ.

ಅಕ್ಕ ಅಳಲಿಲ್ಲ. ಎರಡೂ ಕೈಗಳನ್ನು ತೊಡೆಯ ಮೇಲೆ ಬೋರಲು ಇಟ್ಟುಕೊಂಡು ಕೂತಿದ್ದರು. ಹಾಗೇ ಕೂತು ಹೇಳಿದರು: "ಹಾಗಾದರೆ ಇಷ್ಟು ದಿನ ಒಂದೇ ಮನೇಲಿ ನಾವಿಬ್ಬರೂ ಒಬ್ಬೊಬ್ಬರೇ ಇದ್ವಿ."

ಭಾಷಣದಲ್ಲಿ ಇಂಥ ಕಡೆ ಏನಾದರೂ ಹೇಳಬೇಕು, ಕಲೆ ಉಳಿಯುತ್ತದೆ, ಪ್ರೀತಿ ಉಳಿಯುತ್ತದೆ ಎಂದು. ನಾನು ಮೂರು ದಿನ ಹುಡುಕಿದೆ. ಸಿಗಲಿಲ್ಲ. ಉಳಿದಿರುವುದು ಒಂದು ಗಾಡಿ. ಕಣ್ಣಿದ್ದವರು ನೋಡಿದರೆ ಅದು ಅಂದವಾಗಿಲ್ಲ. ಮೈತುಂಬ ಏಣು, ಅರ್ಧ ಮಿನುಗು, ಅರ್ಧ ತರಿ. ಮೊನ್ನೆ ಯಾರೋ ಫೋಟೋ ತೆಗೆದು "ಇದೇನು ಗಂಟುಗಂಟಾಗಿದೆ" ಎಂದು ನಕ್ಕರಂತೆ. ಯಾರ ಕಣ್ಣಿಗೂ ಬರೆದದ್ದಲ್ಲ ಅದು. ಯಾರ ಕೈಗೆ ಬರೆದರೋ ಆ ಕೈಗೆ ತಲುಪಲಿಲ್ಲ. ಏನು ಮಾಡೋಣ ಎಂದು ಯಜಮಾನರು ಅಕ್ಕನನ್ನು ಕೇಳಿದರು. "ನಿಮಗೆ ತೋಚಿದ್ದು ಮಾಡಿ. ನನಗೆ ಬೇಡ" ಎಂದರು ಅಕ್ಕ.

ಸದ್ಯಕ್ಕೆ ಅದು ಹೊರಗೆ, ಗೇಟಿನ ಪಕ್ಕ ನಿಂತಿದೆ. ಹೋಗುವಾಗ ಮನಸ್ಸಿದ್ದವರು ಕಣ್ಣು ಮುಚ್ಚಿ ಒಮ್ಮೆ ಮುಟ್ಟಿ ನೋಡಿ. ದೀಪದ ಅಂಚಿನಿಂದ ಶುರು ಮಾಡಿ. ಆದರೆ ಒಂದು ಬೇಡಿಕೆ — ಆಮೇಲೆ ಅಕ್ಕನ ಹತ್ತಿರ ಬಂದು 'ಚೆನ್ನಾಗಿದೆ' ಎಂದು ಹೇಳಬೇಡಿ. ಆ ಮಾತನ್ನು ಅಕ್ಕ ದಿನಾ ಹೇಳಿ ಹೇಳಿ ಸವೆಸಿದ್ದಾರೆ.

ಇನ್ನು ಮಾತು ಬೆಳೆಸುವುದಿಲ್ಲ. ಅಗಲಿದ ನಮ್ಮ ಹಿರಿಯರಿಗೆ ಗೌರವ ಸಲ್ಲಿಸಲು ಎಲ್ಲರೂ ಎದ್ದು ನಿಲ್ಲಬೇಕು. ಇಂಥ ಹೊತ್ತಿನಲ್ಲಿ ಸದ್ದಾಗದ ಹಾಗೆ, ಕುರ್ಚಿಯನ್ನು ಮೆಲ್ಲಗೆ ಎತ್ತಿಟ್ಟು ಏಳುವುದು ವಾಡಿಕೆ. ಇವತ್ತು ಹಾಗೆ ಮಾಡಬೇಡಿ. ಗೆರೆಯಣ್ಣನಿಗಾಗಿ ಎಷ್ಟು ಜನ ಬಂದಿದ್ದಾರೆ ಎಂದು ಅಕ್ಕನಿಗೆ ಕಾಣುವುದಿಲ್ಲ. ನೀವು ಬಂದು ಕೈ ಹಿಡಿದರೂ ತಿಳಿಯುವುದಿಲ್ಲ. ಕಿವಿ ಒಂದಿದೆ. ಇವು ಕಬ್ಬಿಣದ ಕುರ್ಚಿಗಳು, ಇದು ಸಿಮೆಂಟಿನ ನೆಲ. ಎಳೆದು, ಉಜ್ಜಿ, ಸದ್ದು ಮಾಡಿಕೊಂಡೇ ಏಳಿ. ಟೈರಿನ ಮೇಲಿರುವವರು ಕಾಲು ನೆಲಕ್ಕೆ ಅಪ್ಪಳಿಸಿ ಏಳಿ. ಎಲ್ಲರೂ ಎದ್ದದ್ದು ಅಕ್ಕನಿಗೆ ಕೇಳಿಸಲಿ. ಕೇಳಿಸಿದ ಮೇಲೆ — ಯಾರೂ ಮಾತಾಡುವುದು ಬೇಡ.

ಅಕ್ಕ, ನೀವು ಕೂತೇ ಇರಿ.

ಏಳಿ.